ಸಮುದ್ರದ ಕರೆಂಟು ಕೊಳ್ಳೋರು ಯಾರು?

ಪ್ರಶ್ನೆ: ಬಾಸ್ಟನ್ ಹತ್ರ ಮಗಳ ಮನೇಲಿ ಮೂರು ತಿಂಗಳು ಇದ್ದು ಬಂದೆ. ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರ ಸಮುದ್ರದೊಳಗೆ ಗಾಳಿಯಂತ್ರ ಹಾಕಿಸಿ ಕರೆಂಟ್ ಕೊಳ್ತಿದೆ ಅಂತ ಅಳಿಯ ಹೇಳಿದ್ರು, ಆದ್ರೆ ಅವರ ಬಿಲ್ ಮೇಲಿರೋದು ಪ್ರೈವೇಟ್ ಕಂಪನಿ ಹೆಸರು. ಇದೇನು ಲೆಕ್ಕ?
– ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಬಿಲ್ ನೋಡಿದ್ದು ಒಳ್ಳೇದಾಯ್ತು, ವಿಷಯ ಇರೋದೇ ಅಲ್ಲಿ. ಸರ್ಕಾರ ತಾನು ಕೊಳ್ಳಲ್ಲ, ಬೇರೆಯವರ ಕೈಲಿ ಕೊಳ್ಳಿಸುತ್ತೆ. ನಿಮ್ಮ ಮೆಸ್ಕಾಂ ಸರ್ಕಾರದ್ದು, ಅಲ್ಲಿ ಎವರ್‌ಸೋರ್ಸ್, ನ್ಯಾಷನಲ್ ಗ್ರಿಡ್, ಯುನಿಟಿಲ್ ಅಂತ ಪ್ರೈವೇಟ್ ಕಂಪನಿಗಳು. 2027ರೊಳಗೆ ಸಮುದ್ರದ ಗಾಳಿಯಿಂದ 1,600 ಮೆಗಾವ್ಯಾಟ್‌ಗೆ ಅಗ್ರಿಮೆಂಟ್ ಮಾಡ್ಕೊಳ್ಳಲೇಬೇಕು ಅಂತ 2016ರಲ್ಲಿ ಕಾನೂನು ತಂದು ಇವರ ತಲೆಗೆ ಕಟ್ಟಿದ್ರು. ಟೆಂಡರ್ ಕರೆಯೋದು, ಕರೆಂಟ್ ರೇಟ್‌ಗೆ ಒಪ್ಪಿಗೆ ಕೊಡೋ ನಮ್ಮ ಕೆಇಆರ್‌ಸಿ ತರದ್ದೊಂದು ಸಂಸ್ಥೆ ಅದಕ್ಕೂ ಕೊನೆಗೆ ಅಗ್ರಿಮೆಂಟ್‌ಗೂ ಸೈ ಅನ್ನೋದು, ಎಲ್ಲಾ ಆಮೇಲೆ. ಕಂಪನಿ ಆ ಕರೆಂಟನ್ನ ಮಾರ್ಕೆಟ್‌ನಲ್ಲಿ ಮಾರಿದಾಗ ಬರೋ ಲಾಭ-ನಷ್ಟ ಗ್ರಾಹಕರ ಬಿಲ್‌ಗೇ ಹೋಗುತ್ತೆ, ಅಂದ್ರೆ ದುಡ್ಡು ನಿಮ್ಮ ಅಳಿಯನದ್ದೇ! ಮೇಲಿಂದ ಅಗ್ರಿಮೆಂಟ್ ಹೊತ್ಕೊಂಡಿದ್ದಕ್ಕೆ ಅಂತ ಕಂಪನಿಗೆ ವರ್ಷದ ಪಾವತಿಯ 2.75% ವರೆಗೆ ಕೊಡಬಹುದು ಅಂತಾನೂ ಆ ಕಾನೂನಲ್ಲಿತ್ತು, ಇದು ನನಗೆ ಸ್ವಲ್ಪ ಜಾಸ್ತಿನೇ ಅನ್ಸುತ್ತೆ.

2018ರಲ್ಲಿ ಟೆಂಡರ್ ಮೊದಲು ಗೆದ್ದಿದ್ದು ವಿನ್ಯಾರ್ಡ್ ವಿಂಡ್ ಅನ್ನೋ ಗಾಳಿಯಂತ್ರದ ಯೋಜನೆ, 800 ಮೆಗಾವ್ಯಾಟ್. ಅರ್ಧಕ್ಕೆ ಯೂನಿಟ್‌ಗೆ 7.4 ಸೆಂಟ್, ಇನ್ನರ್ಧಕ್ಕೆ 6.5 ಸೆಂಟ್ ಇಂದ ಶುರು, ವರ್ಷಕ್ಕೆ 2.5% ಏರಿಕೆ, 20 ವರ್ಷ. ಇಷ್ಟು ವರ್ಷದ ಅಗ್ರಿಮೆಂಟ್ ಕೈಲಿದ್ರೇನೇ ಬ್ಯಾಂಕಿನವರು ಸಾಲ ಕೊಡೋದು, ಅದಕ್ಕೇ ಇಷ್ಟೆಲ್ಲಾ ಸರ್ಕಸ್.

ಎಡವಟ್ಟಾಗಿದ್ದೂ ಇದೇ ರೇಟಲ್ಲಿ. ಪ್ರತಿ ಹೊಸ ಟೆಂಡರ್ ಹಿಂದಿನದಕ್ಕಿಂತ ಅಗ್ಗ ಇರ್ಬೇಕು ಅಂತ ಮೊದಲಿನ ಕಾನೂನಲ್ಲೊಂದು ಷರತ್ತಿತ್ತು, ಹೋದ ವಾರಕ್ಕಿಂತ ಈ ವಾರ ಟೊಮೇಟೊ ಕಮ್ಮಿಗೇ ಕೊಡ್ಬೇಕು ಅಂತ ಸಂತೇಲಿ ಹಠ ಹಿಡಿದ ಹಾಗೆ. 2022ರಲ್ಲಿ ತೆಗೆದ್ರು ಬಿಡಿ. ಅಷ್ಟರಲ್ಲಿ 2021ರ ಕೊನೆಗೆ ಗೆದ್ದಿದ್ದ ಕಾಮನ್‌ವೆಲ್ತ್ ವಿಂಡ್‌ಗೆ ಬಡ್ಡಿ, ಸ್ಟೀಲ್, ಟರ್ಬೈನ್ ಎಲ್ಲಾ ದುಬಾರಿಯಾಗಿ, ಒಪ್ಪಿದ ರೇಟಿಗೆ ಕಟ್ಟಕ್ಕಾಗಲ್ಲ ಅಂತ 2023ರಲ್ಲಿ 4.8 ಕೋಟಿ ಡಾಲರ್ ದಂಡ ಕಟ್ಟಿ ಎದ್ದು ಹೋಯ್ತು, ಮದುವೆ ಛತ್ರದ ಅಡ್ವಾನ್ಸ್ ಬಿಟ್ಟ ಹಾಗೆ. ಸೌತ್‌ಕೋಸ್ಟ್ ವಿಂಡ್‌ನವರೂ ಅದೇ ದಾರಿ ಹಿಡಿದ್ರು. ಮುಂದಿನ ಟೆಂಡರಲ್ಲಿ ಬೆಲೆ ಏರಿದ್ರೆ ರೇಟೂ ಸರಿಹೊಂದಿಸೋ ಥರ ಬಿಡ್ ಹಾಕೋಕೆ ಅವಕಾಶ ಕೊಟ್ರು.

ಇನ್ನೊಂದು, ದಡದಿಂದ 3 ಮೈಲಿ ದಾಟಿದ್ರೆ ಸಮುದ್ರ ರಾಜ್ಯದ್ದಲ್ಲ, ಲೀಸ್ ಕೊಡೋದು ವಾಷಿಂಗ್ಟನ್‌ನ ಕೇಂದ್ರ ಸರ್ಕಾರ. ಟ್ರಂಪ್ 2025ರ ಜನವರಿ 20ಕ್ಕೆ ಕುರ್ಚಿ ಏರಿದ ದಿನವೇ ಹೊಸ ಲೀಸ್ ನಿಲ್ಲಿಸಿದ್ರು. ರಾಜ್ಯದ ಟೆಂಡರ್ ಎಷ್ಟೇ ಚೆನ್ನಾಗಿರ್ಲಿ, ಜಾಗದ ಬೀಗದಕೈ ಅಲ್ಲಿದೆ.

ಪ್ರಶ್ನೆ: ಹಾಗಾದ್ರೆ ನಮ್ಮ ಮಂಗಳೂರು, ಕಾರವಾರದಲ್ಲೂ ಬರುತ್ತಾ?
– ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ಮೊದಲ ಸರದೀಲಿ ಇಲ್ಲಮ್ಮ. 2024ರ ಜೂನ್‌ನಲ್ಲಿ ಕೇಂದ್ರ 7,453 ಕೋಟಿ ನೆರವು ಒಪ್ಪಿದ್ದು ಗುಜರಾತ್, ತಮಿಳುನಾಡಿನ ಕಡಲಿಗೆ, ತಲಾ 500 ಮೆಗಾವ್ಯಾಟ್. ಅದರಲ್ಲಿ 600 ಕೋಟಿ ಬರೀ ಎರಡು ಬಂದರು ರಿಪೇರಿಗೆ, ಯಾಕಂದ್ರೆ ಅಷ್ಟುದ್ದದ ರೆಕ್ಕೆ ಇಳಿಸೋಕೆ ಜಾಗ ಬೇಕಲ್ಲ. ನಮ್ಮ ಗಾಳಿ ಸದ್ಯಕ್ಕೆ ಗದಗ, ಚಿತ್ರದುರ್ಗದ ಗುಡ್ಡದ ಮೇಲೇನೇ.