ಉಯಿಲು ಬರೆಸುವವರ ನಿದ್ದೆ

ಪ್ರಶ್ನೆ: ವಕೀಲಿ ಆರಂಭಿಸಿ ಮೂರು ವರ್ಷವಾಯಿತು. ಕಬ್ಬಿನ ಗದ್ದೆಗಳ ಉಯಿಲೇ ಹೆಚ್ಚು ಬರುತ್ತವೆ. ಕಕ್ಷಿದಾರರ ದಾಯಾದಿ ಜಗಳ ನನ್ನ ಕನಸಿಗೂ ಬರುತ್ತಿದೆ. ಏನು ಓದಲಿ, ಸರ್?
– ಯುವ ವಕೀಲೆ, ಮಂಡ್ಯ

ಉತ್ತರ: ಮೊದಲು ನಿದ್ದೆ ಮಾಡಿ, ತಾಯಿ. ಮೈಸೂರಿನಲ್ಲಿ ಮೂವತ್ತು ವರ್ಷ ಕರಿಕೋಟು ತೊಟ್ಟರೂ ಕೆಲವನ್ನು ನಾನು ಪೆಟ್ಟು ತಿಂದೇ ಕಲಿತೆ. ಒಮ್ಮೆ ಎಂಬತ್ತು ದಾಟಿದ ಇಬ್ಬರಿಂದ ಸಾಕ್ಷಿ ಹಾಕಿಸಿದ್ದೆ. ಉಯಿಲು ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಇಬ್ಬರೂ ಇರಲಿಲ್ಲ! 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕನಿಷ್ಠ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ, ಅವರ ಆಯಸ್ಸನ್ನು ಕೇಳುವುದಿಲ್ಲ. ಆ ಲೆಕ್ಕ ನಮ್ಮದು. ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಆದರೂ ನಾನು ಮಾಡಿಸುತ್ತೇನೆ.

ಹಿಂದೂ ಕುಟುಂಬದ ಪಿತ್ರಾರ್ಜಿತ ಗದ್ದೆಯಾದರೆ ಯಜಮಾನ ತನ್ನ ಪಾಲಿಗಷ್ಟೇ ಉಯಿಲು ಬರೆಯಬಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು. ಇದನ್ನು ಮೊದಲ ಭೇಟಿಯಲ್ಲೇ ಹೇಳಿ. ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ನಿದ್ದೆಯ ವಿಷಯ: ರಾತ್ರಿ ಎಂಟರ ಮೇಲೆ ನಾನು ಕಡತ ಮುಟ್ಟುವುದಿಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು, ಮೊಬೈಲ್ ಮನೆಯಲ್ಲಿ. ಅಂದ ಹಾಗೆ, ನಿಮ್ಮ ಉಯಿಲು ಬರೆದಿದ್ದೀರಾ? ನಾನು ಬರೆದದ್ದು ಕಳೆದ ವರ್ಷ, ಅದೂ ಹೆಂಡತಿ ಮೂರು ಸಲ ಕೇಳಿದ ಮೇಲೆ.