ಗನ್ ಆಮೇಲೆ, ಮೊದ್ಲು ಮೊಳೆ ನೋಡಿ

ಪ್ರಶ್ನೆ: ನಮಸ್ತೆ ಸರ್, ಮನೆ ರಿಪೇರಿಗೆ ಬಂದಿದ್ದ ಕಾರ್ಪೆಂಟರ್ ಗನ್ ಹಿಡ್ಕೊಂಡು ಟಪ್ ಟಪ್ ಅಂತ ಮೊಳೆ ಹೊಡೀತಿದ್ದಿದ್ದು ನೋಡಿ ನನಗೂ ಒಂದು ಬೇಕು ಅನ್ನಿಸಿಬಿಟ್ಟಿದೆ. ವಾರ್ಡ್‌ರೋಬ್ ಬೀಡಿಂಗ್ (ಅಂಚಿಗೆ ಹೊಡಿಯೋ ಸಣ್ಣ ಮರದ ಪಟ್ಟಿ), ಫೋಟೋ ಫ್ರೇಮ್, ಗೋಡೆಗೆ ಪಟ್ಟಿ, ಹಳೇ ಸೋಫಾಗೆ ಹೊಸ ಬಟ್ಟೆ, ಇಷ್ಟೂ ಒಂದೇ ಗನ್‌ನಲ್ಲಿ ಆಗತ್ತಾ?
— ತುಮಕೂರಿನ ಓದುಗರು

ಉತ್ತರ: ಆಗಲ್ಲ ಸರ್. ಅಂಗಡಿಯವ್ರು "ಎಲ್ಲಾದಕ್ಕೂ ಆಗತ್ತೆ, ತಗೊಂಡೋಗಿ" ಅಂತಾರೆ, ನಂಬ್ಬೇಡಿ. ಒಂದೊಂದು ಗನ್ನೂ ಒಂದೊಂದು ಜಾತಿ ಮೊಳೆನೇ ತಿನ್ನೋದು, ಬೇರೆದು ಒಳಗೆ ಕೂರೋದೇ ಇಲ್ಲ. ಅದಕ್ಕೆ ನಾನು ಯಾರು ಕೇಳಿದ್ರೂ ಮೊದ್ಲು ಯಾವ ಮೊಳೆ ಬೇಕು ಅಂತ ನೋಡ್ಕೊಳ್ಳಿ, ಗನ್ ತಾನಾಗೇ ಗೊತ್ತಾಗತ್ತೆ ಅನ್ನೋದು. ಬೀಡಿಂಗು, ಫ್ರೇಮು ಎರಡಕ್ಕೂ ಗಾಳಿ ಒತ್ತಡದಲ್ಲಿ ಓಡೋ ಎಫ್-30 ಗನ್ ಸಾಕು, ನಿಮ್ಮ ಕಾರ್ಪೆಂಟರ್ ಕೈಲಿದ್ದಿದ್ದೂ ಬಹುಶಃ ಅದೇ. 18 ಗೇಜ್ ಮೊಳೆ (ಗೇಜ್ ಅಂದ್ರೆ ದಪ್ಪದ ನಂಬರ್, ನಂಬರ್ ಜಾಸ್ತಿಯಾದಷ್ಟೂ ಮೊಳೆ ತೆಳು), 10 ಎಂಎಂನಿಂದ 30 ಎಂಎಂವರೆಗೆ ಸಿಗತ್ತೆ, ಸ್ಟೇಪ್ಲರ್ ಪಿನ್ ಥರ ಒಂದಕ್ಕೊಂದು ಅಂಟ್ಕೊಂಡು ಪಟ್ಟಿ ಪಟ್ಟಿಯಾಗಿ ಬರತ್ತೆ, ತಲೆ ಎಷ್ಟು ಚಿಕ್ಕದು ಅಂದ್ರೆ ಮೇಲೆ ಒಂಚೂರು ಪುಟ್ಟಿ ಒರೆಸಿದ್ರೆ ಎಲ್ಲಿ ಹೊಡೆದ್ವಿ ಅಂತ ನಮಗೇ ಸಿಗಲ್ಲ.

ಉದ್ದ ಮಾತ್ರ ಲೆಕ್ಕ ಹಾಕಿ ತಗೊಳ್ಳಿ. ಮೇಲೆ ಕೂರಿಸೋ ಪಟ್ಟಿ ದಪ್ಪದ ಎರಡೂವರೆ, ಮೂರು ಪಟ್ಟು. 8 ಎಂಎಂ ಬೀಡಿಂಗ್‌ಗೆ 20 ಇಲ್ಲಾ 25. ಗಟ್ಟಿ ಇರ್ಲಿ ಅಂತ 30 ಹೊಡೆದ್ರೆ 18 ಎಂಎಂ ಪ್ಲೈ ತೂರ್ಕೊಂಡು ಒಳಗಡೆ ತುದಿ ಇಣುಕತ್ತೆ, ಅಲ್ಲಿ ಮಡಚಿಟ್ಟಿರೋ ರೇಷ್ಮೆ ಸೀರೆ ಸಿಕ್ಕಾಕೊಂಡ್ರೆ ಮನೆಯವ್ರಿಗೆ ಉತ್ತರ ನೀವೇ ಕೊಡ್ಬೇಕು! ಇನ್ನೊಂದು, ಬೀಡಿಂಗ್‌ಗೆ ಫೆವಿಕಾಲ್ ಹಚ್ಚೇ ಹೊಡೀಬೇಕು. ಹಿಡ್ಕೊಳ್ಳೋದು ಅಂಟು, ಅದು ಒಣಗೋವರೆಗೂ ಅದುಮಿ ಇಟ್ಕೊಳ್ಳೋದಷ್ಟೇ ಮೊಳೆ ಕೆಲ್ಸ. ಪುಸ್ತಕ, ಪಾತ್ರೆ ಭಾರ ಹೊರೋ ಶೆಲ್ಫ್‌ಗೆ ಈ ಮೊಳೆ ನೆಚ್ಕೋಬೇಡಿ, ಸ್ಕ್ರೂನೇ ಹಾಕಿ.

ಸೋಫಾಗೆ ಬೇರೆ ಗನ್ನು, ಅಗಲ ಪಿನ್ ಹೊಡಿಯೋ ಸ್ಟೇಪ್ಲರ್ ಗನ್. ಎಫ್-30 ಮೊಳೆ ಬಟ್ಟೆನ ತೂರ್ಕೊಂಡು ಹೋಗತ್ತೆ, ಹಿಡಿಯೋಕೆ ತಲೆ ಎಲ್ಲಿದೆ? ಒಂದೇ ಸೋಫಾ ಅಂದ್ರೆ ಕೈಲಿ ಒತ್ತೋ ಸ್ಟೇಪ್ಲರ್ರೇ ಸಾಕು, ಸಂಜೆಗೆ ಕೈ ನೋಯತ್ತೆ ಅಷ್ಟೆ. ಗೋಡೆಗೆ ಎಸ್‌ಟಿ-64 ಅಂತ ಕಾಂಕ್ರೀಟ್ ಮೊಳೆ ಗನ್ ಬರತ್ತೆ, ಆದ್ರೆ ನಮ್ಮ ಇಟ್ಟಿಗೆ ಗೋಡೆ ಗಾರೆ ಚಕ್ಕೆ ಏಳತ್ತೆ, ನಾಲ್ಕು ಪಟ್ಟಿಗೆ ಅದ್ಯಾಕೆ, ಡ್ರಿಲ್ ಮಾಡಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗೀರಿ.

ಪ್ರಶ್ನೆ: ಅಣ್ಣಾ, ಕಾರ್ ಟೈರ್‌ಗೆ ಗಾಳಿ ತುಂಬೋ ಸಣ್ಣ ಪಂಪ್ ಇದೆ, 150 ಪಿಎಸ್ಐ ಅಂತ ಬರ್ದಿದೆ, ಅದ್ರಲ್ಲಿ ಏರ್ ಗನ್ ಓಡಿಸ್ಬಹುದಾ? ಇಲ್ಲಾಂದ್ರೆ ಗ್ಯಾರೇಜ್ ಫ್ರೆಂಡ್ ವೆಲ್ಡಿಂಗ್ ಆಕ್ಸಿಜನ್ ಸಿಲಿಂಡರ್ ಕೊಡ್ತೀನಿ ಅಂತಿದಾನೆ.
— ಹಾಸನದ ಓದುಗರು

ಉತ್ತರ: ಮೊದ್ಲು ಸಿಲಿಂಡರ್ ವಿಷ್ಯ. ಬೇಡ ಅಂದ್ರೆ ಬೇಡ. ಗನ್ ಒಳಗೆ ಎಣ್ಣೆ ಪಸೆ ಇರತ್ತೆ, ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದ್ರೆ ಗನ್ ಕೈಯಲ್ಲೇ ಸಿಡೀಬಹುದು. ಆ ಫ್ರೆಂಡ್‌ಗೂ ಹೇಳಿ.

ಟೈರ್ ಪಂಪ್‌ಗೆ ಒತ್ತಡ ಇದೆ, ಗಾಳಿ ಸಂಗ್ರಹ ಇಲ್ಲ. ಗನ್‌ಗೆ 60ರಿಂದ 100 ಪಿಎಸ್ಐ ಒತ್ತಡದಲ್ಲಿ ಒಂದು ಗುಕ್ಕು ಗಾಳಿ ತಟ್ಟಂತ ಬೇಕು, ಅದಕ್ಕೆ ಟ್ಯಾಂಕ್ ಇರ್ಬೇಕು. 24–25 ಲೀಟರ್ ಟ್ಯಾಂಕಿನ 1 ಎಚ್‌ಪಿ ಕಂಪ್ರೆಸರ್ ಮನೆ ಕೆಲ್ಸಕ್ಕೆ ಧಾರಾಳ. ಸ್ಟಾರ್ಟ್ ಆಗೋವಾಗ ಕರೆಂಟ್ ಜಾಸ್ತಿ ಎಳೆಯತ್ತೆ, 15 ಆಂಪ್ಸ್ ಸಾಕೆಟ್‌ಗೇ ಹಾಕಿ, ಕರೆಂಟ್ ಹೋದಾಗ ಮನೆ ಇನ್ವರ್ಟರ್ ಮೇಲೆ ಓಡಿಸೋಕೆ ಹೋಗ್ಬೇಡಿ. ಕೆಲ್ಸ ಮುಗಿದ್ಮೇಲೆ ಟ್ಯಾಂಕ್ ಕೆಳಗಿನ ತಿರುಪು ಬಿಚ್ಚಿ, ಗಾಳಿಯ ತೇವದಿಂದ ಸೇರಿರೋ ನೀರು ಬಸೀರಿ. ಮಳೆಗಾಲದಲ್ಲಿ ಎಷ್ಟು ನೀರು ಬರತ್ತೆ ಅಂತ ನೋಡಿದ್ರೆ ನಿಮಗೇ ಆಶ್ಚರ್ಯ ಆಗತ್ತೆ.

ಪ್ರಶ್ನೆ: ಮತ್ತಿ ಮರದ ಚೌಕಟ್ಟಿಗೆ ಗನ್ನಿನಿಂದ ಪಟ್ಟಿ ಹೊಡ್ಸಿದ್ವಿ, ಒಂದು ಮಳೆಗಾಲ ಕಳೆಯೋದ್ರೊಳಗೆ ಪ್ರತಿ ಮೊಳೆ ಸುತ್ತ ಕಪ್ಪು ಕಲೆ. ಮರ ಕೆಟ್ಟಿದ್ಯಾ?
— ಶಿರಸಿಯ ಓದುಗರು

ಉತ್ತರ: ಮರ ಚೆನ್ನಾಗೇ ಇದೆ. ಬಾಳೆಕಾಯಿ ಹೆಚ್ಚಿದ ಮೆಟ್ಟುಗತ್ತಿ ಕಪ್ಪಾಗಲ್ವಾ, ಅದೇ ಚೊಗರು ಇದು. ಮರದಲ್ಲಿರೋ ಟ್ಯಾನಿನ್ ಅನ್ನೋ ಚೊಗರು ಒದ್ದೆ ಕಬ್ಬಿಣಕ್ಕೆ ತಾಗಿದ್ರೆ ಕಪ್ಪಾಗತ್ತೆ. ಹೊರಗಡೆ ಕೆಲ್ಸಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಮೊಳೆ ಪಟ್ಟಿನೇ ಕೇಳಿ ತಗೊಳ್ಬೇಕಿತ್ತು. ಈಗಿರೋ ಕಲೆ ಆಕ್ಸಾಲಿಕ್ ಆಸಿಡ್ ನೀರು ಒರೆಸಿದ್ರೆ ತಿಳಿಯಾಗತ್ತೆ (ವಿಷ ಅದು, ಗ್ಲೌಸ್ ಹಾಕ್ಕೊಳ್ಳಿ), ಆದ್ರೆ ಹಳೇ ಮೊಳೆ ಅಲ್ಲೇ ಇದ್ರೆ ಮುಂದಿನ ಮಳೆಗೆ ಮತ್ತೆ ಬರತ್ತೆ.

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿದೀವಿ. ಹಿತ್ತಲ ಬೇಲಿ ಹಲಗೆ, ಒಳಗೆ ಬೇಸ್‌ಬೋರ್ಡ್ (ಗೋಡೆ ಬುಡದ ಪಟ್ಟಿ) ಎರಡೂ ನಾವೇ ಮಾಡ್ಬೇಕು ಅಂತಿದೀವಿ. ಯಾವ ಗನ್ ತಗೊಳ್ಳೋದು?
— ಅಮೆರಿಕದಿಂದ ಓದುಗರು

ಉತ್ತರ: ನಿಮ್ಮಲ್ಲಿ ಗೋಡೆ ಒಳಗೇ ಮರದ ಕಂಬ ಇರೋದ್ರಿಂದ ಬೇಸ್‌ಬೋರ್ಡ್‌ಗೆ 16 ಗೇಜ್ ಫಿನಿಶ್ ನೇಲರ್, 2 ಇಂಚ್ ಮೊಳೆ ಚೆನ್ನಾಗಿ ಹಿಡಿಯತ್ತೆ. ಬೇಲಿಗೆ ಅದು ಸಾಲಲ್ಲ, ಸುರುಳಿಯಲ್ಲಿ ಬರೋ, ಮೈಮೇಲೆ ಉಂಗುರ ಗೀರು ಇರೋ ಗ್ಯಾಲ್ವನೈಸ್ಡ್ (ಸತು ಲೇಪದ) ಮೊಳೆ ಹೊಡಿಯೋ ಗನ್ ಬೇಕು. ಗೆದ್ದಲು ಹಿಡೀದಂಗೆ ಟ್ರೀಟ್ ಮಾಡಿರೋ ಮರದಲ್ಲಿ ತಾಮ್ರ ಇರತ್ತೆ, ಅದು ಸಾದಾ ಮೊಳೆನ ತಿಂದ್ಹಾಕತ್ತೆ. ಬೇಲಿ ಒಂದು ಸಲದ ಕೆಲ್ಸ, ಆ ಗನ್ ಬಾಡಿಗೆಗೆ ತನ್ನಿ.

ಪ್ರಶ್ನೆ: ಫ್ಲ್ಯಾಟ್‌ನಲ್ಲಿರೋಳು ನಾನು, ಕಂಪ್ರೆಸರ್ ಸದ್ದಿಗೆ ಕೆಳಗಿನ ಮನೆಯವ್ರು ಜಗಳಕ್ಕೆ ಬರ್ತಾರೆ. ಬ್ಯಾಟರಿ ಗನ್ ತಗೊಳ್ಳಾ? ಹೊಸಬರಿಗೆ ಅಪಾಯನಾ?
— ಮೈಸೂರಿನ ಓದುಗರು

ಉತ್ತರ: ತಗೊಳ್ಳಿ ಮೇಡಂ, ಆದ್ರೆ ಅಂಗಡಿಯಲ್ಲಿ ಐದು ನಿಮಿಷ ಗನ್ನನ್ನ ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದು ನೋಡಿ. ಗಾಳಿ ಗನ್ ಒಂದು ಕೆಜಿ ಆಸುಪಾಸು, ಬ್ಯಾಟರಿದು ಎರಡೂವರೆ ಮೂರು ಕೆಜಿ ತೂಗತ್ತೆ. ಪೈಪಿನ ರಗಳೆ ಇಲ್ಲ, ಬೆಲೆ ಮಾತ್ರ ಚುರುಕು ಮುಟ್ಟಿಸತ್ತೆ.

ಅಪಾಯ ಇದೆ. ಅಮೆರಿಕದಲ್ಲಿ 2001ರಿಂದ 2005ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 37,000 ಜನ ನೇಲ್ ಗನ್ ಗಾಯ ಅಂತ ಎಮರ್ಜೆನ್ಸಿಗೆ ಹೋಗಿದ್ರು, ಅದ್ರಲ್ಲಿ ಹತ್ತಕ್ಕೆ ನಾಲ್ಕು ಜನ ಮನೆ ಕೆಲ್ಸ ಮಾಡ್ಕೊಳ್ತಿದ್ದ ನಮ್ಮಂಥೋರೇ. ಟ್ರಿಗರ್ ಯಾವ ಥರದ್ದು ಅಂತ ಕೇಳಿ. ಮೂತಿ ಒತ್ತಿದ ಮೇಲೇ ಟ್ರಿಗರ್ ಎಳೀಬೇಕು, ಪ್ರತಿ ಮೊಳೆಗೂ ಬಿಟ್ಟು ಮತ್ತೆ ಎಳೀಬೇಕು, ಅಂಥದ್ದನ್ನ ತಗೊಳ್ಳಿ. ಟ್ರಿಗರ್ ಹಿಡ್ಕೊಂಡೇ ಇದ್ದು ಮೂತಿ ತಾಗಿದಲ್ಲೆಲ್ಲಾ ಹೊಡಿಯೋದು ಬೇಡವೇ ಬೇಡ.

ನಂದೇ ಕಥೆ ಹೇಳ್ತೀನಿ. ಫ್ರೇಮ್ ಮೂಲೆ ಕೂಡಿಸ್ತಾ ಎಡಗೈಲಿ ಹತ್ರನೇ ಒತ್ತಿ ಹಿಡ್ಕೊಂಡಿದ್ದೆ, ಮರದ ಗಂಟಿಗೆ ತಾಗಿದ ಮೊಳೆ ಒಳಗೇ ಡೊಂಕಾಗಿ ಪಕ್ಕದಿಂದ ಆಚೆ ಬಂದು ಹೆಬ್ಬೆರಳಿಗೆ ಇಳೀತು. ಮೊದ್ಲು ನೋವೇ ಗೊತ್ತಾಗ್ಲಿಲ್ಲ, ಬೆರಳು ಫ್ರೇಮಿಂದ ಯಾಕೆ ಬರ್ತಿಲ್ಲ ಅಂತ ಎಳೀತಿದ್ದೆ. ಅವತ್ತಿಂದ ಮೂತಿಗೂ ಕೈಗೂ ಒಂದು ಅಡಿ ದೂರ, ಸಣ್ಣ ಪೀಸ್ ಆದ್ರೆ ಕ್ಲ್ಯಾಂಪ್. ಕನ್ನಡಕ ಹಾಕ್ಕೊಳ್ಳಿ, ಮೊಳೆ ಸಿಕ್ಕಾಕೊಂಡ್ರೆ ಬ್ಯಾಟರಿ ತೆಗ್ದೇ ಮೂತಿ ಬಿಚ್ಚಿ. ಕೆಳಗಿನ ಮನೆಯವ್ರ ವಿಷ್ಯಕ್ಕೆ ಬಂದ್ರೆ, ಬ್ಯಾಟರಿ ಗನ್ನೂ ಪೂರ್ತಿ ಮೌನಿ ಅಲ್ಲ, ಮಧ್ಯಾಹ್ನ ಅವ್ರು ಮಲಗೋ ಹೊತ್ತು ಬಿಟ್ಟು ಮಾಡಿ.