ಎರಡ್ ಸೆಕೆಂಡ್ ಲಿಂಕ್ ಹೋದ್ರ ಕ್ಲಸ್ಟರ್ ನೋಡ್ ರೀಬೂಟ್ ಆಗ್ತದ, ಟೋಕನ್ ಎಷ್ಟ್ ಇಡಬೇಕು?

ನಿಮ್ದು ಏರೋಲಿ ಡೇಟಾ ಸೆಂಟರ್, ಎರಡ್ ನೋಡ್ (ಅಂದ್ರ ಎರಡ್ ಸರ್ವರ್) ಪೇಸ್‌ಮೇಕರ್ (ಒಂದು ಸರ್ವರ್ ಬಿದ್ರ ಕೆಲಸ ಇನ್ನೊಂದಕ್ಕ ಒಯ್ಯೂ ಸಾಫ್ಟ್‌ವೇರ್), ಲಿಂಕ್ ಎರಡ್-ಮೂರ್ ಸೆಕೆಂಡ್ ಹೋಗಿ ಬಂದ್ರ ಸಾಕು ಒಂದು ನೋಡ್ ಇನ್ನೊಂದನ್ನ ಫೆನ್ಸ್ (ಜಬರ್ದಸ್ತಿ ರೀಬೂಟ್) ಮಾಡಿಬಿಡ್ತದ ಅಂದ್ರಿ. ನಾನೂ ಇಲ್ಲಿ ಪುಣೆ ಹಿಂಜವಡಿಯೊಳಗ ಇದೇ ಕೆಲಸದಾಗ ಇದ್ದೀನ್ರಿ, ಅದಕ್ಕ ಹೇಳ್ತೀನಿ, ನಂಬರ್ ಮುಟ್ಟೂಕಿಂತ ಮೊದ್ಲು ಲಾಗ್ ನೋಡ್ರಿ.

ಟೋಕನ್ ಅಂದ್ರ ನೋಡ್‌ಗಳು ಜೀವಂತ ಅದೀವಿ ಅಂತ ಒಂದಕ್ಕೊಂದು ದಾಟಿಸೂ ಸಂದೇಶ. ಲಾಗ್‌ನ್ಯಾಗ 'ಟೋಕನ್ ಹ್ಯಾಸ್ ನಾಟ್ ಬೀನ್ ರಿಸೀವ್ಡ್' (ಟೋಕನ್ ಬಂದಿಲ್ಲ) ಅಂತ ಬಂದಿದ್ರ ನೆಟ್‌ವರ್ಕ್ ಮ್ಯಾಲೆ ಸಂಶಯ ಪಡಬಹುದು, ಆದ್ರ ಅದರ ಆಜೂಬಾಜೂ 'ಮೇನ್ ಪ್ರೋಸೆಸ್ ವಾಸ್ ನಾಟ್ ಶೆಡ್ಯೂಲ್ಡ್ ಫಾರ್' ಇಷ್ಟ್ ಮಿಲಿಸೆಕೆಂಡ್ (ಅಷ್ಟ್ ಹೊತ್ತು ಪ್ರೋಸೆಸ್‌ಗೆ ಓಡಾಕ ಸಿಪಿಯು ಸಿಗಲಿಲ್ಲ) ಅಂತ ಇದ್ರ ಸ್ವಿಚ್‌ದು ಏನೂ ತಪ್ಪಿಲ್ಲ, ವಿಎಂ (ವರ್ಚುವಲ್ ಸರ್ವರ್) ತಾನಾ ನಿಂತಿರ್ತದ, ಬ್ಯಾಕಪ್ ಸ್ನ್ಯಾಪ್‌ಶಾಟ್ ಟೈಮ್ ಜೊತಿ ತಾಳೆ ಹಾಕಿ ನೋಡ್ರಿ.

ಈಗ ಟೋಕನ್ ಟೈಮ್, ಅಂದ್ರ ಟೋಕನ್ ಬರೂತನಕ ಎಷ್ಟ್ ಹೊತ್ತು ಕಾಯಬೇಕು ಅನ್ನೂದು. ನೋಡ್‌ಗಳ ನಡುವಿನ ಮಾತುಕತಿ ನಡಸೂ ಸಾಫ್ಟ್‌ವೇರ್ ಕೋರೋಸಿಂಕ್, ಅದರ ವರ್ಶನ್ 2ರಾಗ ಡಿಫಾಲ್ಟ್ 1000 ಮಿಲಿಸೆಕೆಂಡ್, 3.1ರಿಂದ 3000. ಫೈಲ್‌ನ್ಯಾಗ ಬರೆದದ್ದು ಬ್ಯಾರೆ, ಓಡ್ತಿರೂದು ಬ್ಯಾರೆ ಇರ್ತದ, ಅದಕ್ಕ ಕೋರೋಸಿಂಕ್-ಸಿಮ್ಯಾಪ್‌ಸಿಟಿಎಲ್ ಕಮಾಂಡ್‌ನ್ಯಾಗ ರನ್‌ಟೈಮ್ ವ್ಯಾಲ್ಯೂನ ನೋಡ್ರಿ. ಲಿಂಕ್ ಅತೀ ಹೆಚ್ಚಂದ್ರ ಮೂರ್ ಸೆಕೆಂಡ್ ಹೋಗ್ತದ ಅಂತ ಖಾತ್ರಿ ಇದ್ರ 5000 ಇಡ್ರಿ. ಯಾರೋ ಎಲ್ಲೋ 30000 ಇಟ್ಟಾರಂತ ನೀವೂ ಇಡಬ್ಯಾಡ್ರಿ, ಯಾಕಂದ್ರ ಟೋಕನ್ ಮುಗಿದ ಮ್ಯಾಲೆ ಕನ್ಸೆನ್ಸಸ್ ಟೈಮ್ (ಯಾವ ನೋಡ್ ಉಳದಾವ ಅಂತ ಒಪ್ಪಿಕೊಳ್ಳೂ ಹೊತ್ತು) ಶುರು ಆಗ್ತದ, ಅದು ಟೋಕನ್‌ನ 1.2 ಪಟ್ಟು, ಅಂದ್ರ ಎರಡೂ ಕೂಡಿ 5000ಕ್ಕ ಸುಮಾರು 11 ಸೆಕೆಂಡ್, 30000ಕ್ಕ 66 ಸೆಕೆಂಡ್, ಸರ್ವರ್ ನಿಜವಾಗ್ಲೂ ಸತ್ತಾಗ ಅಷ್ಟ್ ಹೊತ್ತು ಫೆನ್ಸಿಂಗ್‌ ಸೈತ ಶುರು ಆಗಂಗಿಲ್ಲ, ಯೂಸರ್ ಕಾಯ್ಕೋತ ಕೂಡಬೇಕು. ಹಳೇ ಕಾನ್ಫಿಗ್‌ನ್ಯಾಗ ಯಾರರೆ ಕನ್ಸೆನ್ಸಸ್ ಕೈಯಾರೆ 1200 ಅಂತ ಬರೆದಿದ್ರ ಆ ಲೈನ್ ತೆಗೀರಿ, ಆವಾಗ ಅದು ತಾನಾ ಟೋಕನ್‌ನ 1.2 ಪಟ್ಟು ಆಗ್ತದ.

ಆದ್ರ ಖರೇ ಇಲಾಜು ಎರಡನೇ ಲಿಂಕ್. ಕೋರೋಸಿಂಕ್ 3ರಾಗ ಕೆನೆಟ್ (ಒಂದಕ್ಕಿಂತ ಹೆಚ್ಚು ಲಿಂಕ್ ನಡಸೂ ಭಾಗ) ಅದ, ಬ್ಯಾರೆ ಎನ್‌ಐಸಿ (ನೆಟ್‌ವರ್ಕ್ ಕಾರ್ಡ್), ಬ್ಯಾರೆ ಸ್ವಿಚ್ ಮ್ಯಾಲೆ ಇನ್ನೊಂದು ಲಿಂಕ್ ಕೊಡ್ರಿ. ಬಾಂಡಿಂಗ್ ಮಾಡಿ (ಎರಡ್ ಕಾರ್ಡ್ ಒಂದಾಗಿ ಕಟ್ಟಿ) ಎರಡೂ ಕೇಬಲ್ ಒಂದೇ ಸ್ವಿಚ್‌ಗೆ ಹಾಕಿದ್ರ ಆ ಸ್ವಿಚ್ ಹೋದ್ರ ಎರಡೂ ಹೋದ್ವು. ಪೋರ್ಟ್‌ಫಾಸ್ಟ್ (ಸ್ವಿಚ್ ಪೋರ್ಟ್ ತಡ ಇಲ್ದಂಗ ಚಾಲೂ ಆಗೂ ಸೆಟ್ಟಿಂಗ್) ಆನ್ ಅದನೋ ಇಲ್ಲೋ ನೆಟ್‌ವರ್ಕ್ ಟೀಮ್‌ಗೆ ಕೇಳ್ರಿ, ಹಳೇ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನ್ಯಾಗ ಲೂಪ್ ಆಗದಂಗ ತಡಿಯೂ ಪದ್ಧತಿ) ಇದ್ರ ಕೇಬಲ್ ಹೋಗಿ ಬಂದ ಮ್ಯಾಲೆ ಪೋರ್ಟ್ ಚಾಲೂ ಆಗಾಕ 30 ಸೆಕೆಂಡ್ ತಗೋತದ, ಆವಾಗ ನಿಮ್ಮ 5000 ಏನೂ ಮಾಡಂಗಿಲ್ಲ.

ಮತ್ತ ಫೆನ್ಸಿಂಗ್ ಬಂದ್ ಮಾಡ್ರಿ ಅಂತ ಯಾರರೆ ಹೇಳಿದ್ರ ದಯವಿಟ್ಟು ಕೇಳಬ್ಯಾಡ್ರಿ. ಎರಡೂ ನೋಡ್ ಒಂದೇ ಎಲ್‌ಯುಎನ್ (ಹಂಚಿಕೊಂಡ ಸ್ಟೋರೇಜ್ ಡಿಸ್ಕ್) ಮೌಂಟ್ ಮಾಡಿ ಬರೀಲಿಕ್ಕೆ ಶುರು ಮಾಡಿದ್ವಂದ್ರ ಅದರ ಮ್ಯಾಲಿನ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಳಾಗ್ತದ, ರೀಬೂಟ್ ಆದ್ರ ಸ್ವಲ್ಪ ಹೊತ್ತಿಗೆ ಎದ್ದು ಬರ್ತದ, ಡೇಟಾ ಹೋದ್ರ ಬ್ಯಾಕಪ್‌ನೇ ಗತಿ.

ಫೆನ್ಸ್ ಆಗೂ ಮೊದಲಿನ ಒಂದ್ ನಿಮಿಷದ ಲಾಗ್ ಎರಡೂ ನೋಡ್‌ದು ಹಾಕ್ರಿ, ನೋಡಿ ಹೇಳ್ತೀನಿ.